ಎರಡು ರೀಜೆನ್ಸಿಗಳು ಮತ್ತು ‘ಸಂಬಂಧ’ದ ಪರಿಭಾಷೆ

ತೌಲನಿಕ ಅಧ್ಯಯನದ ಹೆಸರಿನಲ್ಲಿ ಇಂಗ್ಲಿಷ್ ಕಾದಂಬರಿಯ ವಿವಾಹಕಥನವನ್ನು ಕನ್ನಡ ಕಾದಂಬರಿಯ ಪಕ್ಕದಲ್ಲಿಟ್ಟು ನೋಡುವುದು ಕನ್ನಡ ವಿಭಾಗಗಳಲ್ಲಿ ಹೊಸ ಸಂಗತಿಯೇನಲ್ಲ. ಇಂತಹ ಹೋಲಿಕೆಗಳ ಫಲಿತ ಬಹುಮಟ್ಟಿಗೆ ಮೊದಲೇ ನಿಶ್ಚಿತವಾಗಿರುತ್ತದೆ. ಅಲ್ಲಿ ವ್ಯಕ್ತಿ, ಇಲ್ಲಿ ಕುಟುಂಬ. ಅಲ್ಲಿ ಆಯ್ಕೆ, ಇಲ್ಲಿ ಕಟ್ಟಳೆ. ಈ ತೀರ್ಮಾನ ಎಷ್ಟು ರೂಢಿಯಾಗಿದೆಯೆಂದರೆ, ಹೋಲಿಸಬೇಕಾದದ್ದು ಕಾದಂಬರಿಯನ್ನೋ, ಕಾದಂಬರಿಯ ಹಿಂದಿರುವ ಸಾಮಾಜಿಕ ಸಂಸ್ಥೆಯನ್ನೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಇಂಗ್ಲೆಂಡಿನ ರೀಜೆನ್ಸಿ ಕಾಲದ ಮದುವೆಗಳನ್ನು ಚರ್ಚಿಸುವ ಕನ್ನಡದ ಅಧ್ಯಾಪಕರಿಗೆ ಮೈಸೂರಿನಲ್ಲೂ ರೀಜೆನ್ಸಿಗಳಿದ್ದವು, ಅವುಗಳ ನಡುವೆಯೂ ಮದುವೆಗಳು ನಡೆದವು ಎಂಬುದು ನೆನಪಿಗೆ ಬಾರದಿರುವುದು ಈ ರೂಢಿಯ ಪರಿಣಾಮ.

ಇಂಗ್ಲೆಂಡಿನ ರೀಜೆನ್ಸಿ 1811ರಿಂದ 1820ರವರೆಗಿನದು. ಮೂರನೆಯ ಜಾರ್ಜ್ ಆಳಲು ಅಸಮರ್ಥನಾದಾಗ ಅವನ ಮಗ ರಾಜಪ್ರತಿನಿಧಿಯಾಗಿ ಆಳಿದ ಅವಧಿ ಅದು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಪೂರ್ಣಯ್ಯನವರು ನಡೆಸಿದ ಆಡಳಿತ 1811ರಲ್ಲೇ ಮುಗಿಯಿತೆಂಬುದು ಆಕಸ್ಮಿಕವಾದರೂ ನೆನಪಿನಲ್ಲಿಡಬೇಕಾದ ಹೊಂದಾಣಿಕೆ. ಆ ಕಾಲವನ್ನು ಕುರಿತು ಇಪ್ಪತ್ತನೆಯ ಶತಮಾನದಲ್ಲಿ ಬಂದ ಜನಪ್ರಿಯ ಕಥೆಗಳಲ್ಲಿ ಒಬ್ಬ ನಾಯಕ ಮತ್ತೆ ಮತ್ತೆ ಬರುತ್ತಾನೆ. ಅವನು ಕುಲೀನ, ಲಂಡನ್ನಿನ ನೃತ್ಯಕೂಟಗಳಿಗಿಂತ ತನ್ನ ಜಮೀನು, ಮರಗಳು, ಹಕ್ಕಿಗಳ ನಡುವೆ ನೆಮ್ಮದಿ ಕಾಣುವವನು, ಆ ಜಮೀನನ್ನು ಉಳಿಸಿಕೊಳ್ಳಲೆಂದೇ ಪ್ರೇಮವನ್ನು ಬದಿಗಿಟ್ಟು ಅನುಕೂಲದ ಮದುವೆಯನ್ನು ಹುಡುಕುವವನು. ಜಾರ್ಜೆಟ್ ಹೇಯರ್ 1961ರಲ್ಲಿ ಪ್ರಕಟಿಸಿದ ‘ಎ ಸಿವಿಲ್ ಕಾಂಟ್ರಾಕ್ಟ್’ ಈ ಮಾದರಿಯ ಪ್ರೌಢ ಕೃತಿ. ಯುದ್ಧದಿಂದ ಮರಳಿದ ವೈಕೌಂಟ್ ತಂದೆಯ ಸಾಲದಲ್ಲಿ ಮುಳುಗಿದ ಜಹಗೀರನ್ನು ಉಳಿಸಲು ಶ್ರೀಮಂತ ವರ್ತಕನ ಮಗಳನ್ನು ವರಿಸುತ್ತಾನೆ. ಬೇಸಾಯದಲ್ಲಿ ಮನಸ್ಸು ನೆಡುತ್ತಾನೆ. ಇಂತಹ ನಾಯಕನ ನಿಸರ್ಗಪ್ರೀತಿಯನ್ನು ಮುಗ್ಧ ಗುಣವೆಂದು ಓದಲಾಗದು. ಅವನು ಪ್ರೀತಿಸುವ ಮರ ಅವನದೇ ಬೇಲಿಯೊಳಗಿನದು. ಬೇಲಿ ಉಳಿಯಬೇಕಾದರೆ ಮದುವೆ ಆಗಬೇಕು.

ಬೆಂಗಳೂರಿನ ದಂಡಿನ ಬಾಡಿಗೆ ಗ್ರಂಥಾಲಯಗಳಲ್ಲಿ, ಕುಕ್ ಟೌನಿನಂತಹ ಬಡಾವಣೆಗಳ ಮನೆಗಳಲ್ಲಿ ಈ ಬಗೆಯ ಪುಸ್ತಕಗಳು ದಶಕಗಳ ಕಾಲ ಕೈಯಿಂದ ಕೈಗೆ ಓಡಾಡಿದವು. ಕನ್ನಡ ಸಂಶೋಧನೆ ಆ ಓದನ್ನು ತನ್ನದಲ್ಲವೆಂದು ಬಿಟ್ಟುಕೊಟ್ಟಿತು. ದಂಡು 1881ರಿಂದ 1947ರವರೆಗೆ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಬ್ರಿಟಿಷರ ನೇರ ಆಡಳಿತದಲ್ಲಿದ್ದುದು ಇದಕ್ಕೆ ಒಂದು ಕಾರಣ. ಆ ಗಡಿ ಆಡಳಿತದ ನಕ್ಷೆಯಿಂದ ಅಳಿದರೂ ವಿದ್ವತ್ತಿನ ನಕ್ಷೆಯಿಂದ ಅಳಿದಿಲ್ಲ. ಆದರೆ ಕುಕ್ ಟೌನಿಗೆ ಹೊಂದಿಕೊಂಡಿರುವ ಫ್ರೇಜರ್ ಟೌನಿನ (ಇಂದಿನ ಪುಲಕೇಶಿನಗರದ) ಹೆಸರನ್ನು ಗಮನಿಸಬೇಕು. ಮೈಸೂರಿನ ರೆಸಿಡೆಂಟನಾಗಿದ್ದ ಸ್ಟುವರ್ಟ್ ಫ್ರೇಜರ್ ಅದಕ್ಕೂ ಮೊದಲು, 1896ರಿಂದ 1902ರವರೆಗೆ, ಬಾಲಕ ನಾಲ್ವಡಿ ಕೃಷ್ಣರಾಜ ಒಡೆಯರ ಗುರುವೂ ಪೋಷಕನೂ ಆಗಿದ್ದವನು. ಅದು ಮೈಸೂರಿನ ಇನ್ನೊಂದು ರೀಜೆನ್ಸಿಯ ಕಾಲ. ದಂಡಿನ ಒಂದು ಬಡಾವಣೆಯ ಹೆಸರು ನೇರವಾಗಿ ಆ ಅರಮನೆಯ ಒಳಮನೆಗೆ ಕರೆದೊಯ್ಯುತ್ತದೆ.

ಆ ಒಳಮನೆಯ ಕೇಂದ್ರದಲ್ಲಿದ್ದವರು ಕೆಂಪನಂಜಮ್ಮಣ್ಣಿಯವರು. 1866ರಲ್ಲಿ ಜನಿಸಿದ, ಕಳಲೆ ಮನೆತನದ ಈ ಹೆಣ್ಣುಮಗಳು 1878ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಚಾಮರಾಜೇಂದ್ರ ಒಡೆಯರ ಕೈಹಿಡಿದರು. ವರನಿಗೆ ಆಗ ಹದಿನೈದು. ಅವನು 1865ರಲ್ಲಿ ಮುಮ್ಮಡಿಯವರು ದತ್ತು ತೆಗೆದುಕೊಂಡ ಬೆಟ್ಟದಕೋಟೆ ಮನೆತನದ ಹುಡುಗ. ರಾಜ್ಯ ಅವನ ಕೈಗೆ ಬರುವುದು ಇನ್ನೂ ಬ್ರಿಟಿಷರ ಮಾತಿನ ಮೇಲೆ ನಿಂತಿತ್ತು. ಕಳಲೆಯವರಾದರೋ ದಳವಾಯಿಗಳ ವಂಶ, ಒಡೆಯರ ಮನೆಯೊಂದಿಗೆ ಶತಮಾನಗಳಿಂದ ಹೆಣ್ಣು ಕೊಟ್ಟು ತಂದ ಮನೆ. ದತ್ತಕನಾಗಿ ಬಂದವನನ್ನು ಹಳೆಯ ನೆಂಟಸ್ತನದ ಮೂಲಕ ಸಿಂಹಾಸನಕ್ಕೆ ಕಟ್ಟಿಹಾಕಿದ ಮದುವೆ ಇದು ಎಂದರೆ ತಪ್ಪಾಗದು. 1881ರಲ್ಲಿ ರಾಜ್ಯ ಮರಳಿ ಬಂದಿತು.

ಚಾಮರಾಜೇಂದ್ರರ ನಿಸರ್ಗಾಸಕ್ತಿಗೆ ಸಾಕ್ಷ್ಯಗಳು ಕಣ್ಣಮುಂದೆಯೇ ಇವೆ. ಮೈಸೂರಿನ ಮೃಗಾಲಯ 1892ರಲ್ಲಿ ಆರಂಭವಾದದ್ದು ಅವರಿಂದ. ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಸ್ತಿಭಾರ ಬಿದ್ದದ್ದು ಅವರ ಕಾಲದಲ್ಲಿ. ಆದರೆ ಕನ್ನಡ ವಿದ್ವಾಂಸರಿಗೆ ಇವುಗಳಿಗಿಂತ ಮುಖ್ಯವಾದ ಸಾಕ್ಷ್ಯ ಮತ್ತೊಂದಿದೆ. ಅವರ ಆಶ್ರಯದ ನಾಟಕ ಮಂಡಳಿಗಾಗಿ ಬಸವಪ್ಪಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಿಸಿದರು. ರಂಗಭೂಮಿಯ ಚರಿತ್ರೆಕಾರರು ಇದನ್ನು ಅನುವಾದದ ಅಧ್ಯಾಯದಲ್ಲಿ ಸೇರಿಸಿ ಮುಂದೆ ಸಾಗುತ್ತಾರೆ. ನಾಟಕದ ವಸ್ತುವನ್ನೂ ಪ್ರೇಕ್ಷಕಾಗಾರದ ಮೊದಲ ಸಾಲನ್ನೂ ಒಟ್ಟಿಗೆ ನೋಡಿದರೆ ಬೇರೆಯೇ ಅರ್ಥ ಹೊರಡುತ್ತದೆ. ರಂಗದ ಮೇಲೆ ಕಾಡಿಗೆ ಬಂದ ರಾಜನೊಬ್ಬ ಆಶ್ರಮದ ಕನ್ಯೆಯನ್ನು ಮೆಚ್ಚಿ, ಯಾರನ್ನೂ ಕೇಳದೆ ಗಾಂಧರ್ವ ವಿಧಿಯಿಂದ ವರಿಸುತ್ತಾನೆ, ಊರಿಗೆ ಮರಳಿ ಮರೆಯುತ್ತಾನೆ. ಅದನ್ನು ನೋಡುವ ರಾಜನ ಮದುವೆಯಲ್ಲಿ ಕೇಳಬೇಕಾದವರನ್ನೆಲ್ಲ ಕೇಳಲಾಗಿತ್ತು. ಅಲ್ಲಿ ಮರೆಯುವ ಸ್ವಾತಂತ್ರ್ಯವೂ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕನ್ನಡ ರಂಗಕ್ಕೆ ಶಾಕುಂತಲ ಅಷ್ಟು ಪ್ರಿಯವಾದುದಕ್ಕೆ ಕಾಳಿದಾಸನ ಕೀರ್ತಿಯೊಂದೇ ಕಾರಣವೆಂದು ನಂಬುವುದು ಕಷ್ಟ.

1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರರು ಕಲ್ಕತ್ತೆಯಲ್ಲಿ ತೀರಿಕೊಂಡರು. ಇಪ್ಪತ್ತೆಂಟರ ವಿಧವೆ 1895ರಲ್ಲಿ ರೀಜೆಂಟ್ ಮಹಾರಾಣಿಯಾದರು, 1902ರವರೆಗೆ ಆಳಿದರು. ಈ ಏಳು ವರ್ಷಗಳನ್ನು ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಅಧ್ಯಾಯದ ಉತ್ತರಾರ್ಧವಾಗಿ ಬರೆಯುತ್ತವೆ. ಪ್ಲೇಗ್, ಮಾರಿಕಣಿವೆಯ ಅಣೆಕಟ್ಟೆ, ಶಿವನಸಮುದ್ರದ ವಿದ್ಯುತ್ತು. ಮಹಾರಾಣಿಯವರು ಅಲ್ಲಿ ಸಹಿ ಹಾಕುವ ಕೈ ಮಾತ್ರ. ಆದರೆ ಒಂದು ಕ್ಷೇತ್ರದಲ್ಲಿ ನಿರ್ಧಾರದ ಅಧಿಕಾರ ತಾಯಿಯಾದವರಿಗೇ ಹೆಚ್ಚಾಗಿ ಸೇರಿತ್ತು. ಅದು ಮಕ್ಕಳ ಮದುವೆ. ಅದನ್ನು ಗೃಹಕೃತ್ಯವೆಂದು ಬಗೆದುದರಿಂದಲೇ ಅದು ಚರಿತ್ರೆಯಾಗದೆ ಉಳಿಯಿತು.

ಆ ಮದುವೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. 1897ರಲ್ಲಿ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರನ್ನು ಮಹಾರಾಣಿಯವರು ತಮ್ಮ ಸೋದರ ಕಾಂತರಾಜ ಅರಸರಿಗೆ ಕೊಟ್ಟರು. ದಕ್ಷಿಣದ ಸೋದರಮಾವನ ವಾವೆ. ಕಳಲೆಯಿಂದ ಬಂದ ಹೆಣ್ಣಿನ ಮಗಳು ತಿರುಗಿ ತವರಿಗೆ. (ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದದ್ದು ಈ ಮದುವೆಯ ಸಂದರ್ಭದಲ್ಲೇ, ಬೆಂಕಿಯನ್ನು ನೆನೆಯುವವರು ಮದುವೆಯನ್ನು ಕೇವಲ ಅದರ ಹಿನ್ನೆಲೆಯಾಗಿ ನೆನೆಯುತ್ತಾರೆ.) ಮೂರು ವರ್ಷಗಳ ಬಳಿಕ, 1900ರ ಜೂನ್ ತಿಂಗಳಲ್ಲಿ, ಆಗಷ್ಟೇ ಹದಿನಾರು ತುಂಬಿದ ಮಗನಿಗೆ ಹೆಣ್ಣು ತಂದದ್ದು ಅರಸು ಮನೆತನಗಳಿಂದಲ್ಲ, ದೂರದ ಕಾಠಿಯಾವಾಡದ ವಣಾ ರಜಪೂತ ಮನೆಯಿಂದ. ಒಂದು ಸಂಬಂಧ ಒಳಗನ್ನು ಬಿಗಿಗೊಳಿಸಿತು, ಇನ್ನೊಂದು ಹೊರಗಿನ ರಾಜಮನೆತನಗಳ ಸಾಲಿನಲ್ಲಿ ಮೈಸೂರಿಗೆ ಸ್ಥಾನ ಕೇಳಿತು. ಎರಡನ್ನೂ ನಿಶ್ಚಯಿಸಿದ ಕಾಲದಲ್ಲಿ ಆಡಳಿತದ ಗದ್ದುಗೆಯಲ್ಲಿದ್ದವರು ಒಬ್ಬರೇ. ತಾವು ಯಾವ ಕಟ್ಟಳೆಯಿಂದ ಅರಮನೆ ಸೇರಿದ್ದರೋ ಅದೇ ಕಟ್ಟಳೆಯನ್ನು ಮಗಳ ವಿಷಯದಲ್ಲಿ ಉಳಿಸಿ, ಮಗನ ವಿಷಯದಲ್ಲಿ ಮುರಿದವರನ್ನು ಸಂಪ್ರದಾಯಸ್ಥೆ ಎನ್ನಬೇಕೋ ಸುಧಾರಕಿ ಎನ್ನಬೇಕೋ ಎಂದು ವಾದಿಸುವುದು ವ್ಯರ್ಥ. ಅವರು ರಾಜಕಾರಣಿ. ಲೆಕ್ಕ ಅವರೆಣಿಸಿದಂತೆಯೇ ಫಲಿಸಿತೆಂದೇನೂ ಅಲ್ಲ. ಕಾಠಿಯಾವಾಡದ ಸಂಬಂಧದಲ್ಲಿ ಸಂತಾನವಾಗಲಿಲ್ಲ. 1940ರಲ್ಲಿ ಪಟ್ಟ ಸೇರಿದ್ದು ಕಿರಿಯ ಮಗನ ಮಗನಿಗೆ. ಕಾಂತರಾಜ ಅರಸರು 1918ರಲ್ಲಿ ದಿವಾನರಾದರು.

ಇಲ್ಲಿ ಪರಿಭಾಷೆಯ ತೊಡಕೊಂದು ಎದುರಾಗುತ್ತದೆ. ಇಂಗ್ಲಿಷಿನಲ್ಲಿ ಪ್ರೇಮರಹಿತ ಮದುವೆಗೆ ವಿಶೇಷಣ ಬೇಕು: ಅನುಕೂಲದ ಮದುವೆ, ವ್ಯವಹಾರದ ಮದುವೆ. ಕನ್ನಡದಲ್ಲಿ ವಿಶೇಷಣ ಬೇಕಾದದ್ದು ಪ್ರೇಮವಿವಾಹಕ್ಕೆ. ಬರಿಯ ಮದುವೆ ಎಂದರೆ ಸಂಬಂಧ, ನೆಂಟಸ್ತನ, ಬೀಗತನ, ಕೊಡುವುದು ತರುವುದು. ವ್ಯವಹಾರ ಈ ಪದಗಳ ಒಡಲಲ್ಲೇ ಇದೆ. ಅದಕ್ಕಾಗಿ ಯಾರೂ ನಾಚಿಕೊಂಡಿರಲಿಲ್ಲ. ಇಂಗ್ಲಿಷ್ ವಿಮರ್ಶೆಯಿಂದ ಎರವಲು ತಂದ ಚೌಕಟ್ಟಿನಲ್ಲಿ ಈ ಮದುವೆಗಳನ್ನು ಓದಿದಾಗ ಪ್ರೇಮದ ಕೊರತೆಯೇ ಮೊದಲು ಕಾಣುತ್ತದೆ, ಆ ಸಂಬಂಧಗಳಿಂದ ಒಬ್ಬ ಹೆಣ್ಣಿಗೆ ದಕ್ಕಿದ ಅಧಿಕಾರ ಕಾಣುವುದಿಲ್ಲ. ಹೇಯರಳ ಕಾದಂಬರಿಯಲ್ಲಿ ವರ್ತಕನ ಮಗಳು ಗಂಡನ ಮನೆಯ ಸುಖಸೌಕರ್ಯಗಳನ್ನು ಅಚ್ಚುಕಟ್ಟುಗೊಳಿಸುವುದರಲ್ಲಿ ಸಾರ್ಥಕ್ಯ ಕಾಣುತ್ತಾಳೆ. ಕಳಲೆಯ ಮಗಳ ಮುಂದೆ ಒಂದು ಸಂಸ್ಥಾನವೇ ಇತ್ತು.

ಇದರರ್ಥ ಆ ವ್ಯವಸ್ಥೆಯನ್ನು ಹಾಡಿ ಹೊಗಳಬೇಕೆಂದಲ್ಲ. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಮೈಸೂರು ಸರ್ಕಾರ 1894ರಲ್ಲಿ ಕಾನೂನಿನಿಂದ ನಿಷೇಧಿಸಿತ್ತು. ಅರಮನೆಗೆ ಸೊಸೆಯಾಗಿ ಬಂದ ಪ್ರತಾಪಕುಮಾರಿಯವರು ಹುಟ್ಟಿದ್ದು 1889ರಲ್ಲಿ. ಕಾನೂನಿನ ಮಿತಿಯನ್ನು ಕೆಲವೇ ವರ್ಷಗಳಿಂದ ದಾಟಿದ್ದ ಬಾಲಿಕೆ. ಅದೇ ಹೊತ್ತಿಗೆ, 1899ರಲ್ಲಿ, ಮಂಗಳೂರಿನಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ವಿದ್ಯಾವಂತ ವಿಧವೆಗೆ ಮರುಮದುವೆಯ ಬಾಗಿಲು ತೆರೆಯಿತು. ಒಂದೇ ದಶಕದ ಇಬ್ಬರು ಎಳೆಯ ವಿಧವೆಯರು, ಒಬ್ಬಳು ಕಾದಂಬರಿಯಲ್ಲಿ, ಒಬ್ಬರು ರೀಜೆಂಟ್ ಪದವಿಯಲ್ಲಿ. ಒಬ್ಬಳಿಗೆ ಎರಡನೆಯ ಮದುವೆ ಬಿಡುಗಡೆಯಾಯಿತು. ಇನ್ನೊಬ್ಬರ ಅಧಿಕಾರಕ್ಕೆ ಮೊದಲ ಮದುವೆಯೇ ಆಧಾರವಾಯಿತು. ಇವರಿಬ್ಬರನ್ನು ಜೊತೆಯಲ್ಲಿಟ್ಟು ಓದುವ ಕೆಲಸ ಕನ್ನಡ ಕಾದಂಬರಿಯ ಉಗಮವನ್ನು ಕುರಿತ ಚರ್ಚೆಗಳಲ್ಲಿ ಆಗಬೇಕಾಗಿದೆ.

ಆಕರಗಳ ಅಭಾವವನ್ನು ಇದಕ್ಕೆ ಅಡ್ಡಿಯಾಗಿ ಹೇಳುವಂತಿಲ್ಲ. 1916 ಮತ್ತು 1922ರಲ್ಲಿ ಎರಡು ಭಾಗಗಳಾಗಿ ಅಚ್ಚಾದ ‘ಶ್ರೀಮನ್ಮಹಾರಾಜರವರ ವಂಶಾವಳಿ’ ಕನ್ನಡದಲ್ಲೇ ಇದೆ. ಭಾಷಾವಿದ್ಯಾರ್ಥಿಗಳು ಅದನ್ನು ಗದ್ಯಶೈಲಿಯ ಮಾದರಿಯಾಗಿ ಉಪಯೋಗಿಸಬಹುದಾದಷ್ಟೇ ಸುಲಭವಾಗಿ ವಾವೆವರಸೆಯ ದಾಖಲೆಯಾಗಿಯೂ ಓದಬಹುದು: ಯಾವ ಮನೆಯಿಂದ ಹೆಣ್ಣು ಬಂದಿತು, ಯಾವ ಮನೆಗೆ ಹೋಯಿತು, ಯಾವ ಕ್ರಿಯಾಪದದೊಡನೆ. ಫ್ರೇಜರನು ಬಾಲರಾಜನಿಗೆ ಇಂಗ್ಲಿಷ್ ರಾಜಕುಮಾರನ ಶಿಸ್ತನ್ನು ಕಲಿಸುತ್ತಿದ್ದ ದಿನಗಳಲ್ಲಿ, ಕಾಠಿಯಾವಾಡದಿಂದ ಬಂದ ಹನ್ನೊಂದರ ಹುಡುಗಿಯೊಡನೆ ಅರಮನೆಯ ಹೆಂಗಸರು ಯಾವ ಭಾಷೆಯಲ್ಲಿ ಮಾತನಾಡಿದರು ಎಂಬುದು ಕನ್ನಡ ವಿಭಾಗವೊಂದು ಮೊದಲು ಕೇಳಬೇಕಾಗಿದ್ದ ಪ್ರಶ್ನೆ.