ನೇಣಿಗೇರಿದವನ ಮನೆತನ

ಚಾಮರಾಜನಗರದಲ್ಲಿ ರೈಲು ಹತ್ತಿದವರು ನಂಜನಗೂಡು, ಮೈಸೂರು ದಾಟಿ ಬೆಂಗಳೂರಿನಲ್ಲಿ ಇಳಿಯುವ ದೊಡ್ಡ ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿದೆ. ಊರಿಗೆ ರೈಲಿಲ್ಲದ ಗುಂಡ್ಲುಪೇಟೆಯವರು ಬಸ್ಸು ಹಿಡಿದು ಬಂದು, ಮುಂದೆ ಅದೇ ಹೆಸರಿನ ಕೆಳಗೆ ಇಳಿಯುತ್ತಾರೆ. ಅವಸರದಲ್ಲಿರುವ ಪ್ರಯಾಣಿಕನಿಗೆ ಅದು ಬರೀ ಒಂದು ಫಲಕ. ಆ ಹೆಸರಿನ ಮನುಷ್ಯನನ್ನು ಈಸ್ಟ್ ಇಂಡಿಯಾ ಕಂಪನಿಯವರು 1831ರ ಜನವರಿ 26ರಂದು ಬೆಳಗಾವಿ ಸೀಮೆಯ ನಂದಗಡದ ಹತ್ತಿರ ಆಲದ ಮರಕ್ಕೆ ನೇಣು ಹಾಕಿದರು. ಅವರ ಲೆಕ್ಕದಲ್ಲಿ ಆತ ದಂಗೆಕೋರ, ಕಚೇರಿ ಸುಟ್ಟವನು, ಖಜಾನೆ ದೋಚಿದವನು.

ನೇಣಿಗೇರಿದವರ ಕಡತಗಳಿಗೆ ಒಂದು ಸ್ವಭಾವವಿದೆ. ಅವು ಅಪರಾಧ ನಡೆದ ದಿನ ಶುರುವಾಗುತ್ತವೆ, ಗಲ್ಲಿನ ದಿನ ಮುಗಿಯುತ್ತವೆ. ಅದಕ್ಕೂ ಮುಂಚೆ ಆತ ಯಾರ ಮಗ, ಯಾರ ಉಪ್ಪು ಉಂಡಿದ್ದ, ಯಾರ ಅಪ್ಪಣೆಯ ಮೇಲೆ ಕತ್ತಿ ಹಿಡಿದಿದ್ದ ಎಂಬ ಸಂಗತಿ ತೀರ್ಪು ಬರೆಯುವವನಿಗೆ ಬೇಕಾಗಿರುವುದಿಲ್ಲ. ಆ ಹಿಂದಿನ ಬದುಕನ್ನು ಹುಡುಕಹೊರಟವರು ಕೋರ್ಟಿನ ಕಾಗದ ಬಿಟ್ಟು ಹೊಲದ ಕಾಗದ ನೋಡಬೇಕಾಗುತ್ತದೆ. ನಮ್ಮ ನಾಡಿನಲ್ಲಿ ಸಿಪಾಯಿಯ ಚರಿತ್ರೆ ಇರುವುದು ಅವನಿಗೆ ಬಿಟ್ಟ ಜಮೀನಿನಲ್ಲಿ.

ಇದು ಬಹಳ ಹಳೆಯ ಪದ್ಧತಿ. ಊರಿನ ದನ ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತವನಿಗೆ ವೀರಗಲ್ಲು ನಿಲ್ಲಿಸಿ, ಅವನ ಮನೆಯವರ ಜೀವನಕ್ಕೆ ಭೂಮಿ ಬಿಡುತ್ತಿದ್ದರು. ಆ ಭೂಮಿಗೆ ಶಾಸನಗಳಲ್ಲಿ ನೆತ್ತರುಗೊಡಗೆ ಎಂದೇ ಹೆಸರು. ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1898ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 4ನೇ ಸಂಪುಟದಲ್ಲಿ ಅಚ್ಚು ಮಾಡಿಸಿದ್ದಾರೆ. ಯಾರಿಗೆ ಯಾವ ಭೂಮಿ ಬಿಟ್ಟರು, ಯಾತಕ್ಕೆ ಬಿಟ್ಟರು ಎಂಬುದನ್ನು ಕಲ್ಲೇ ಹೇಳುವ ಸೀಮೆ ಇದು.

ಕಾಲ ಕಳೆದಂತೆ ಕಲ್ಲಿನ ಜಾಗಕ್ಕೆ ಕಡತ ಬಂತು. ಈ ಎರಡು ಊರುಗಳ ನಡುವಿನ ತೆರಕಣಾಂಬಿಯಂಥ ಕೋಟೆಯ ಊರುಗಳಿಗೆ ಕಾವಲಿನವರು ಬೇಕಿತ್ತು. ಮೈಸೂರು ಸೀಮೆಯಲ್ಲಿ ಅಂಥವರನ್ನು ಕಂದಾಚಾರದವರು ಎನ್ನುತ್ತಿದ್ದರು. ಆರಂಬದ ಕಾಲದಲ್ಲಿ ನೇಗಿಲು, ಕರೆ ಬಂದಾಗ ಕತ್ತಿ. ಕೋಟೆ ಕಾಯುವುದು, ಕಂದಾಯದ ಹಣಕ್ಕೆ ಬೆಂಗಾವಲು ಹೋಗುವುದು, ಕಳ್ಳಕಾಕರ ಮೇಲೆ ಕಣ್ಣಿಡುವುದು ಇವರ ಕೆಲಸ. ಇದನ್ನು ಬಲ್ಲವರಿಗೆ ಕಿತ್ತೂರಿನ ರಾಯಣ್ಣ ಯಾರೆಂದು ಅರ್ಥವಾಗುವುದು ಕಷ್ಟವಲ್ಲ.

ಅಲ್ಲಿ ಅದೇ ಕೆಲಸ ಮಾಡುವವನಿಗೆ ಶೇತಸನದಿ ಎಂಬ ಹೆಸರು. ಶೇತವೆಂದರೆ ಹೊಲ, ಸನದು ಎಂದರೆ ಅಪ್ಪಣೆಯ ಪತ್ರ. ಸಂಸ್ಥಾನದ ಸೇವೆಗಾಗಿ ಹೊಲ ಪಡೆದವನು. ಸಂಗೊಳ್ಳಿಯ ಕುರುಬರ ಮನೆಯ ಭರಮಪ್ಪನ ಮಗ ರಾಯಣ್ಣ ಅಂಥ ಶೇತಸನದಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಬಾಗಿಲಲ್ಲಿ ಸತ್ತ. ಅವನಿಗೆ ಗುಂಡಿಟ್ಟವನು ಅಮಟೂರು ಬಾಳಪ್ಪ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ದಂಡು ತಂದು ಕೋಟೆ ಹಿಡಿಯಿತು, ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾದಳು. ರಾಯಣ್ಣನೂ ಸೆರೆ ಸಿಕ್ಕಿ, ಮಾಫಿ ಪಡೆದು ಊರಿಗೆ ಮರಳಿದ.

ಮರಳಿದವನಿಗೆ ಹೊಲ ಹಿಂದಿನ ಹಾಗೆ ಉಳಿದಿರಲಿಲ್ಲ. ಬಹುಪಾಲನ್ನು ಸರ್ಕಾರ ಮುಟ್ಟುಗೋಲು ಹಾಕಿತು, ಉಳಿದದ್ದಕ್ಕೆ ಕಂದಾಯ ಕಟ್ಟಿತು. ಕಚೇರಿಯವರಿಗೆ ಇದು ವಸೂಲಿಯ ಲೆಕ್ಕ. ಶೇತಸನದಿಗೆ ಹಾಗಲ್ಲ. ಹೊಲ ಹೋಯಿತೆಂದರೆ ಅವನ ಅಪ್ಪ ಮಾಡಿದ ಸೇವೆಯೂ ಅಳಿಸಿಹೋದ ಹಾಗೆ. 1829ರ ಫೆಬ್ರವರಿಯಲ್ಲಿ ಚೆನ್ನಮ್ಮ ಸೆರೆಯಲ್ಲೇ ತೀರಿಕೊಂಡಳು. ಮುಂದಿನ ವರ್ಷದ ಆರಂಭದಲ್ಲಿ ರಾಯಣ್ಣ ಬೀಡಿಯ ಕಚೇರಿಗೆ ಬೆಂಕಿ ಇಟ್ಟ. ದತ್ತುಮಗ ಶಿವಲಿಂಗಪ್ಪನನ್ನು ಗದ್ದುಗೆಗೆ ತರುವುದು ಅವನ ಗುರಿಯಾಗಿತ್ತು. ಕಾಡು ಬಲ್ಲ ಅವನನ್ನು ದಂಡಿಗೆ ಹಿಡಿಯಲಾಗಲಿಲ್ಲ. 1830ರ ಏಪ್ರಿಲ್‌ನಲ್ಲಿ ನಮ್ಮವರೇ ಮೋಸದಿಂದ ಹಿಡಿದುಕೊಟ್ಟರು.

ಕಿತ್ತೂರು ನಿಂತಿದ್ದರೆ ಇದೇ ಮನುಷ್ಯ ಇದೇ ಕೆಲಸಕ್ಕೆ ಇನ್ನಷ್ಟು ಹೊಲ ಪಡೆಯುತ್ತಿದ್ದ. ಕತ್ತಿ ಬದಲಾಗಲಿಲ್ಲ, ಒಡೆಯ ಬದಲಾದ. ಒಬ್ಬ ಒಡೆಯನ ಕಾಲದಲ್ಲಿ ಸೇವೆಯೆನಿಸಿದ್ದು ಇನ್ನೊಬ್ಬನ ಕಾಲದಲ್ಲಿ ನೇಣಿಗೆ ಕಾರಣವಾಯಿತು.

ಕೊಲೆಯ ಆರೋಪದ ಮೇಲೆಯೇ ಗಲ್ಲಿಗೇರಿದ ದೊರೆಯೊಬ್ಬನಿದ್ದಾನೆ. ನರಗುಂದದ ಬಾಬಾಸಾಹೇಬ, ಹುಟ್ಟುಹೆಸರು ಭಾಸ್ಕರರಾವ್ ಭಾವೆ. ದತ್ತು ತೆಗೆದುಕೊಳ್ಳಲು ಕಂಪನಿ ಒಪ್ಪದೆ ಮನೆತನವೇ ಮುಗಿಯುವಂತಾದಾಗ ಆತ ತಿರುಗಿಬಿದ್ದ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್‌ನ ಮೇಲೆ ಬಿದ್ದು ಕೊಂದು, ರುಂಡವನ್ನು ನರಗುಂದದ ಬಾಗಿಲಿಗೆ ತೂಗುಹಾಕಿಸಿದ. ಜೂನ್ 12ರಂದು ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು. ಕೊಲೆಯಾದದ್ದಕ್ಕೂ ಗಲ್ಲಾದದ್ದಕ್ಕೂ ನಡುವೆ ಎರಡೇ ವಾರ.

ಇವನ ವಂಶ ಹುಡುಕುವುದು ಸುಲಭ, ಏಕೆಂದರೆ ಅದು ಆಳುವವರ ವಂಶ. ತೆರಕಣಾಂಬಿಯನ್ನು ಆಳುತ್ತಿದ್ದ ಶ್ರೀರಂಗಪಟ್ಟಣದ ಸರ್ಕಾರವೇ 1785ರಲ್ಲಿ ನರಗುಂದಕ್ಕೆ ಮುತ್ತಿಗೆ ಹಾಕಿತ್ತು. ಅಂದು ಟಿಪ್ಪುವಿನ ಸೈನ್ಯಕ್ಕೆ ಸಿಕ್ಕಿಬಿದ್ದ ವೆಂಕಟರಾವ್ ಭಾವೆಯನ್ನು ದಕ್ಷಿಣಕ್ಕೆ ಕರೆತಂದು ಕಬ್ಬಾಳದುರ್ಗದ ಸೆರೆಗೆ ಕಳಿಸಿದರು. ರಾಮದುರ್ಗದ ದೊರೆ ಬಾಬಾಸಾಹೇಬನ ಮಲಸಹೋದರ. ಇವೆಲ್ಲ ಪತ್ರಗಳಲ್ಲಿ, ಒಪ್ಪಂದಗಳಲ್ಲಿ, ಗೆಜೆಟಿಯರಿನಲ್ಲಿ ಸಿಗುತ್ತವೆ. ದೊರೆಯಾದವನಿಗೆ ವಂಶಾವಳಿ ಇರುತ್ತದೆ. ಸಿಪಾಯಿಗೆ ಇರುವುದು ಹೊಲದ ಒಂದು ನಮೂದು, ಮತ್ತು ಒಂದು ಲಾವಣಿ.

ಇನ್ನೂ ಒಂದು ದಾರಿ ಇದೆ, ಹೆಳವರದು. ಎತ್ತು ಹೊಡೆದುಕೊಂಡು ಊರೂರು ತಿರುಗುವ ಇವರು ಮನೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ತೊಟ್ಟಿಲಲ್ಲಿರುವ ಕೂಸಿನವರೆಗೆ ಹೆಸರು ಹೇಳಿ, ದವಸ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಯಾವ ಊರಿನಿಂದ ಬಂದವರು, ಯಾವ ಕಾರಣಕ್ಕೆ ಊರು ಬಿಟ್ಟವರು ಎಂಬುದೂ ಅವರ ಮಾತಿನಲ್ಲಿ ಬರುತ್ತದೆ. ಮನೆಯವರೇ ಮರೆತದ್ದು ಅಥವಾ ಮರೆಸಿದ್ದು ಹೆಳವನ ಬಾಯಲ್ಲಿ ಉಳಿದಿರುವುದುಂಟು.

ಮರೆಸುವುದಕ್ಕೂ ಕಾರಣವಿತ್ತು. ನೇಣಾದವನ ಮನೆಯೆಂದರೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುವ ಜನ. ಅಂಥ ಮನೆಯವರು ಹೆಸರು ಎತ್ತದೆ ತಲೆಮಾರು ಕಳೆದರು. ಪ್ರತಿಮೆ ನಿಂತ ಮೇಲೆ ಆಗುವುದು ಇದರ ತಿರುಗುಮುರುಗು, ನೆಂಟರಲ್ಲದವರೂ ನೆಂಟರಾಗುತ್ತಾರೆ. ಅವಮಾನಕ್ಕೆ ಅಂಜಿ ಅಳಿಸಿದ್ದೂ ಹೆಮ್ಮೆಗಾಗಿ ಸೇರಿಸಿದ್ದೂ ಸತ್ತವನಿಗೆ ಮಾಡುವ ಅನ್ಯಾಯವೇ. ಆದ್ದರಿಂದ ಹಾಡನ್ನೂ ಕಡತವನ್ನೂ ಎದುರುಬದುರು ಇಟ್ಟು ನೋಡಬೇಕು. ಕಡತ ತಾರೀಖು ಕೊಡುತ್ತದೆ, ಹಾಡು ಕಾರಣ ಹೇಳುತ್ತದೆ.

ಚಾಮರಾಜನಗರ, ಗುಂಡ್ಲುಪೇಟೆಯ ಕಡೆ ಯಾವುದಾದರೂ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದ ಕತ್ತಿಯೋ ಇನಾಮಿನ ಹಳೆಯ ಕಾಗದವೋ ಇದ್ದರೆ, ಗುಜರಿಗೆ ಹಾಕುವ ಮುನ್ನ ಒಮ್ಮೆ ಓದಿಸಿ ನೋಡುವುದು ಒಳ್ಳೆಯದು. ಅಜ್ಜನ ಅಜ್ಜ ಯಾವ ಕೋಟೆ ಕಾದಿದ್ದನೆಂಬುದು ಅದರಲ್ಲಿರಬಹುದು. ಬೆಂಗಳೂರಿನ ಪತ್ರಾಗಾರದಲ್ಲಿ ಅದಕ್ಕೆ ಜೊತೆಯ ಕಾಗದವೂ ಇದ್ದೀತು.

ರಾಯಣ್ಣನ ಸಮಾಧಿಯ ಮೇಲೆ ಅವನ ಸಂಗಾತಿ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟನೆನ್ನುವ ಆಲದ ಮರ ನಂದಗಡದಲ್ಲಿ ಈಗಲೂ ಇದೆ. ಮಕ್ಕಳಿಲ್ಲದವರು ಬಂದು ಅದಕ್ಕೆ ಪುಟ್ಟ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಕಂಪನಿಯ ಕಡತದಲ್ಲಿ ನೇಣಿನ ದಿನವೇ ಮುಗಿದುಹೋದ ಹೆಸರನ್ನು ಅಲ್ಲಿ ಹುಟ್ಟುವ ಮಕ್ಕಳಿಗೆ ಇಡುತ್ತಾರೆ.