ದನಿ ಅವರದು, ಸಹಿ ಯಾರದು?

ಗೆಳತಿಯರೇ, ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪದ್ಯ ಪಾಠ ಮಾಡಿದವಳು ನಾನು. ಆದರೂ ಅಮೆರಿಕದ ಕಪ್ಪು ಜನರ ರ‍್ಯಾಪ್ ಎಂದರೆ ಬರೀ ಗದ್ದಲವೆಂದೇ ತಿಳಿದಿದ್ದೆ. ನಿವೃತ್ತಿಯಾದ ಮೇಲೆ ನನ್ನ ತಂಗಿಯ ಮಗಳು ಒಂದು ಹಳೆಯ ಆಲ್ಬಂ ಕೇಳಿಸಿದಳು. 'ಹಾಟ್, ಕೂಲ್ ಅಂಡ್ ವಿಷಸ್' ಎಂದು ಅದರ ಹೆಸರು. 1986ರ ಡಿಸೆಂಬರಿನಲ್ಲಿ ಬಂದದ್ದು. ಸಾಲ್ಟ್-ಎನ್-ಪೆಪಾ ಎಂಬ ಹೆಣ್ಣುಮಕ್ಕಳ ತಂಡದ ಮೊದಲ ಆಲ್ಬಂ. ಉಪ್ಪು, ಮೆಣಸು! ಅಡುಗೆಮನೆಯ ಹೆಸರು ಹೊತ್ತೇ ಅವರು ಬೀದಿಯ ಹಾಡಿಗೆ ಇಳಿದರು.

ಸಾಲ್ಟ್ ಎಂದರೆ ಚೆರಿಲ್ ಜೇಮ್ಸ್, ಪೆಪಾ ಎಂದರೆ ಸಾಂಡ್ರಾ ಡೆಂಟನ್. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಕಾಲೇಜು ಓದುತ್ತ, ಸಿಯರ್ಸ್ ಅಂಗಡಿಯಲ್ಲಿ ದುಡಿಯುತ್ತಿದ್ದ ಹುಡುಗಿಯರು. ಅಲ್ಲೇ ಕೆಲಸಕ್ಕಿದ್ದ ಹರ್ಬಿ ಅಝೋರ್ ಎಂಬ ಹುಡುಗ ತನ್ನ ತರಗತಿಯ ಪ್ರಾಜೆಕ್ಟಿಗಾಗಿ 1985ರಲ್ಲಿ ಇವರಿಂದ ಒಂದು ಹಾಡು ಹೇಳಿಸಿದ. ಆಗ ಮನೆಮಾತಾಗಿದ್ದ ಇಬ್ಬರು ಗಂಡಸರ ಹಾಡಿಗೆ ಕೊಟ್ಟ ಎದುರುತ್ತರ ಅದು. ಉತ್ತರ ಕರ್ನಾಟಕದ ಅಕ್ಕಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರದೇಶಿಯವರು ಗಂಡೇ ಹೆಚ್ಚೆಂದು ಹಾಡಿದರೆ ನಾಗೇಶಿಯವರು ಹೆಣ್ಣಿನ ಪಕ್ಷ ಹಿಡಿದು ಸವಾಲು ಎಸೆಯುವುದಿಲ್ಲವೇ, ಹಾಗೆ.

ಆಲ್ಬಮ್ಮಿನಲ್ಲಿ 'ಟ್ರ್ಯಾಂಪ್' ಎಂಬ ಹಾಡಿದೆ. ಹೆಣ್ಣಿನ ನಡತೆಗೆ ಮಸಿ ಬಳಿಯಲು ಇಂಗ್ಲಿಷರು ಬಳಸುವ ಬೈಗುಳವದು. ಈ ಹುಡುಗಿಯರು ಅದನ್ನು ಎತ್ತಿ, ದಾರಿಯಲ್ಲಿ ಹೋಗುವ ಹೆಣ್ಣುಗಳೆಲ್ಲ ತನಗಾಗಿಯೇ ಇದ್ದಾರೆಂದುಕೊಂಡ ಗಂಡಸಿನ ಹಣೆಗೇ ಅಂಟಿಸುತ್ತಾರೆ. ಕೇಳಿ ನಕ್ಕುಬಿಟ್ಟೆ. ನಮ್ಮಲ್ಲಿ 'ಹಾದರಗಿತ್ತಿ' ಎಂಬ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ! 'ಹಾದರಿಗ' ಎಂದು ಯಾರಾದರೂ ಬೈದದ್ದನ್ನು ನನ್ನ ಜನ್ಮದಲ್ಲಿ ಕೇಳಿಲ್ಲ.

ಎಲ್ಲವೂ ನನಗೆ ಹಿಡಿಸಲಿಲ್ಲ. ಇನ್ನೊಬ್ಬಳ ಗಂಡಸನ್ನು ಕಸಿದುಕೊಳ್ಳುತ್ತೇನೆಂದು ಜಂಬ ಕೊಚ್ಚುವ ಹಾಡೂ ಇದರಲ್ಲಿದೆ. ಒಬ್ಬ ಗಂಡಿಗಾಗಿ ಇಬ್ಬರು ಹೆಂಗಸರು ಜಡೆ ಹಿಡಿದು ಜಗಳವಾಡುವುದು ಯಾರಿಗೆ ಲಾಭ? ಇದನ್ನು ಹೆಣ್ಣೊಬ್ಬಳು ಬರೆದಳೇ ಎಂದು ಹುಡುಕಿದೆ. ಬರೆದವನು ಅಝೋರ್! ಆಲ್ಬಮ್ಮಿನ ಹೆಚ್ಚಿನ ಹಾಡುಗಳ ಮಾತು ಆತನದೇ, ನಿರ್ಮಾಣವೂ ಆತನದೇ. ಸಾಲದ್ದಕ್ಕೆ ಸಾಲ್ಟ್‌ಳ ಪ್ರಿಯಕರನೂ ಆಗಿದ್ದ. ಪ್ರೀತಿಸಿದವನ ಹತ್ತಿರ ಲೆಕ್ಕ ಕೇಳುವುದು ಎಷ್ಟು ಕಷ್ಟ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. ಈ ಆಲ್ಬಂ ಹತ್ತು ಲಕ್ಷ ಪ್ರತಿಗಳ 'ಪ್ಲಾಟಿನಂ' ಮನ್ನಣೆ ಪಡೆಯಿತು. ಹೆಣ್ಣುಮಕ್ಕಳ ರ‍್ಯಾಪ್ ತಂಡವೊಂದಕ್ಕೆ ಅದು ಮೊದಲ ಬಾರಿ. ಮುಂದೆ ಸಂಭಾವನೆಯ ವಿಷಯಕ್ಕೇ ಆತನಿಗೂ ಇವರಿಗೂ ಮನಸ್ತಾಪ ಬೆಳೆಯಿತು.

ಇವರನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ತರಗತಿಯಲ್ಲಿ ಸ್ತ್ರೀ ಸ್ವಾತಂತ್ರ್ಯದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದ ನನ್ನ ಸಂಬಳದ ಪಾಸ್‌ಬುಕ್ಕು ಹನ್ನೊಂದು ವರ್ಷ ನನ್ನ ಯಜಮಾನರ ಬೀರುವಿನಲ್ಲಿತ್ತು. ಚೆಕ್ಕಿಗೆ ಸಹಿ ಮಾತ್ರ ನನ್ನದು. ಅವರೇನೂ ಹೊಡೆಯುತ್ತಿರಲಿಲ್ಲ, ಬಡಿಯುತ್ತಿರಲಿಲ್ಲ. ನಾನೂ ಬೀರುವಿನ ಬೀಗದ ಕೈ ಕೇಳಿರಲಿಲ್ಲ, ಅಷ್ಟೇ. ಸಂಘದಲ್ಲಿ ನಿಮ್ಮ ಹೆಸರಿಗೆ ಬಂದ ಸಾಲ ಮನೆಗೆ ಹೋಗುವ ಹೊತ್ತಿಗೆ ಯಾರ ಜೇಬಿನಲ್ಲಿರುತ್ತದೆ, ನೀವೇ ಹೇಳಿ.

ಹಾಗಾದರೆ ಇದು ಹೆಂಗಸರ ಆಲ್ಬಮ್ಮೇ ಅಲ್ಲ ಎನ್ನುತ್ತಾಳೆ ತಂಗಿಯ ಮಗಳು. ನಾನು ಒಪ್ಪುವುದಿಲ್ಲ. ಬರೆದುಕೊಟ್ಟ ಮಾತನ್ನೇ ಆಡಿದರೂ ಆ ಗತ್ತು, ಆ ನಗೆ, ಒಬ್ಬಳು ಬಿಟ್ಟ ಮಾತನ್ನು ಇನ್ನೊಬ್ಬಳು ಎತ್ತಿಕೊಳ್ಳುವ ಚುರುಕು ಯಾವ ಗಂಡಸೂ ಬರೆದುಕೊಟ್ಟದ್ದಲ್ಲ. ಮಾತಾಡಿ ಅಭ್ಯಾಸವಾದವಳು ಒಂದು ದಿನ ಬರೆಯುತ್ತಾಳೆ. ಮೂರನೆಯ ಆಲ್ಬಂ 1990ರಲ್ಲಿ ಬಂದಾಗ ಅದರ 'ಎಕ್ಸ್‌ಪ್ರೆಶನ್' ಹಾಡನ್ನು ಸಾಲ್ಟ್ ತಾನೇ ಬರೆದಳು, ತಾನೇ ನಿರ್ಮಿಸಿದಳು. ಅದೂ ಗೆದ್ದಿತು.

ಆದರೆ ಮೊದಲ ಆಲ್ಬಮ್ಮಿನ ಕಾಗದಪತ್ರ ಹಳೆಯದೇ ತಾನೇ? ಮೂವತ್ತೈದು ವರ್ಷವಾದ ಮೇಲೆ ಕಲಾವಿದರು ತಮ್ಮ ಕೃತಿಯ ಹಕ್ಕನ್ನು ಮರಳಿ ಕೇಳಲು ಅಮೆರಿಕದ ಕಾನೂನಿನಲ್ಲಿ ಒಂದು ದಾರಿಯಿದೆ. ಅದನ್ನು ಹಿಡಿದು 2025ರಲ್ಲಿ ಇಬ್ಬರೂ ತಮ್ಮ ಹಾಡುಗಳ ಮೂಲ ಮುದ್ರಿಕೆಗಾಗಿ ದೊಡ್ಡ ಧ್ವನಿಮುದ್ರಣ ಕಂಪನಿಯೊಂದರ ವಿರುದ್ಧ ಕೋರ್ಟಿನ ಮೆಟ್ಟಿಲು ಹತ್ತಿದರು. ಹರೆಯದಲ್ಲಿ ಮಾಡಿಕೊಂಡ ಕರಾರನ್ನು ಅರವತ್ತರ ಆಸುಪಾಸಿನಲ್ಲಿ, ವಕೀಲರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಲು ಸಾಲಾಗಿ ಓದಲು ಕೂತರು.