ಜನವರಿಯಲ್ಲಿ ತುಂಬಿದ ಬಾಟಲಿ

ಗಣಿ ಪಕ್ಕದ ಹಳ್ಳದ ನೀರು ಹೇಗಿದೆ ಅಂತ ಕೇಳಿದರೆ ಬಹಳ ಸಲ ಸಿಗುವ ಉತ್ತರ ಒಂದು ಬಾಟಲಿಯದ್ದು. ಯಾರೋ ಒಂದು ದಿನ ಜೀಪಲ್ಲಿ ಬಂದು ನೀರು ತುಂಬಿಸಿಕೊಂಡು ಹೋಗಿರ್ತಾರೆ. ಆಮೇಲೆ ವರದಿ ಬರುತ್ತೆ: ಪಿಎಚ್ 6.5ರಿಂದ 8.5ರ ಒಳಗಿದೆ, ಉಳಿದದ್ದೂ ಮಿತಿಯಲ್ಲಿದೆ. ಮುಗೀತು. ನಾನಂತೂ ಇಂಥ ವರದಿ ಕೈಗೆ ಸಿಕ್ಕಿದರೆ ಮೊದಲು ನೋಡೋದು ಪಿಎಚ್ ಅಲ್ಲ, ತಾರೀಖು. ಮಲೆನಾಡಲ್ಲಿ ಜನವರಿ ತಿಂಗಳ ಹಳ್ಳದ ನೀರು ಯಾವಾಗ ತಾನೇ ಕೊಳಕಾಗಿತ್ತು?

ಈ ಹುಚ್ಚು ನನಗೆ ಹತ್ತಿದ್ದು ನಮ್ಮ ತೋಟದ ಕೆಳಗಿನ ಹಳ್ಳದಿಂದ. ಅಲ್ಲಿ ಗಣಿ ಗಿಣಿ ಏನಿಲ್ಲ. ಮೇಲುಗಡೆ ರಸ್ತೆ ಅಗಲ ಮಾಡೋಕೆ ಗುಡ್ಡ ಕಡಿದಿದ್ದರು, ಅಷ್ಟೇ. ಒಂದು ಜುಲೈ ಸಂಜೆ ಜೋರು ಮಳೆಯಲ್ಲಿ ಹಳ್ಳಕ್ಕೆ ಅಡಿಕೆ ಹಾಳೆಯ ತುಂಡೊಂದನ್ನು ಬಿಟ್ಟೆ. ಹತ್ತು ಮೀಟರ್ ತೇಲೋಕೆ ಇಪ್ಪತ್ತು ಸೆಕೆಂಡ್ ತಗೊಂಡಿತು. ಹಳ್ಳದ ಅಗಲ ಎರಡು ಮೀಟರ್, ಆಳ ಸರಾಸರಿ ಒಂದು ಅಡಿ. ಮೇಲಿನ ನೀರು ಅಡಿಯ ನೀರಿಗಿಂತ ಜೋರಾಗಿ ಓಡುವುದರಿಂದ ಒಂದಷ್ಟು ಕಳೆಯಬೇಕು. ಕಳೆದರೆ ಸೆಕೆಂಡಿಗೆ ಸುಮಾರು 250 ಲೀಟರ್. ಅದೇ ನೀರನ್ನು ಹತ್ತು ಲೀಟರ್ ಬಕೆಟ್ಟಿನಲ್ಲಿ ತಂದು ಎರಡು ದಿನ ಇಟ್ಟೆ. ಅಡಿಯಲ್ಲಿ ಕೂತ ಕೆಸರನ್ನು ಒಣಗಿಸಿ ತೂಗಿದರೆ ಹತ್ತು ಗ್ರಾಂ ಬಂತು. (ಬಕೆಟ್ ಬಚ್ಚಲುಮನೆಯದು. ಅಮ್ಮ ಏನಂದರು ಅಂತ ಬರೆಯಲ್ಲ.)

ಲೀಟರಿಗೆ ಒಂದೇ ಗ್ರಾಂ, ಏನು ಮಹಾ ಅನ್ನಿಸುತ್ತೆ ಅಲ್ವಾ? ಸೆಕೆಂಡಿಗೆ 250 ಗ್ರಾಂ, ಗಂಟೆಗೆ 900 ಕಿಲೋ ಮಣ್ಣು! ಅದೇ ಹಳ್ಳದಲ್ಲಿ ಜನವರಿಯಲ್ಲಿ ಸೆಕೆಂಡಿಗೆ ಹತ್ತು ಲೀಟರ್ ಹರಿದರೆ ಹೆಚ್ಚು. ಲೀಟರಿಗೆ ಹತ್ತು ಮಿಲಿಗ್ರಾಂ ಮಣ್ಣು ಅಂತ ಧಾರಾಳವಾಗಿಯೇ ಹಿಡಿದರೂ ಗಂಟೆಗೆ 360 ಗ್ರಾಂ. ಬಾಟಲಿ ಇಟ್ಟುಕೊಂಡು ಬರೋರು ಈ 360 ಗ್ರಾಮಿನ ಕತೆ ಹೇಳ್ತಾರೆ. 900 ಕಿಲೋ ಹೋಗುವ ಹೊತ್ತಲ್ಲಿ ಯಾರೂ ಇರಲ್ಲ. ಜೀಪು ಬರೋದಿಲ್ಲವಲ್ಲ ಆ ಮಳೇಲಿ.

ಈಗ ಇದನ್ನು ಕುದುರೆಮುಖಕ್ಕೆ ಹೊಂದಿಸಿ ನೋಡಿ. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ, ಅದೂ ಬಹುಪಾಲು ನಾಲ್ಕು ತಿಂಗಳಲ್ಲಿ. ಶೋಲಾ ಕಾಡು, ಹುಲ್ಲುಗಾವಲು ತೆಗೆದು ಬೋಳು ಮಾಡಿದ ಗುಡ್ಡ. ಕೆಳಗೆ ಭದ್ರಾ. ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಅಲ್ಲಿ ಮಳೆಗಾಲದಲ್ಲೇ ಹೂಳು ಅಳೆದು 2006ರಲ್ಲಿ ಪ್ರಕಟಿಸಿದರು. ಜಲಾನಯನದ ಒಂದು ಚೂರು ಜಾಗವಾದ ಗಣಿ ಪ್ರದೇಶದಿಂದ ಬಂದ ಹೂಳಿನ ಪಾಲು ಅದರ ವಿಸ್ತೀರ್ಣಕ್ಕೆ ಹೋಲಿಸಿದರೆ ವಿಪರೀತವಾಗಿತ್ತು. ಬೇಸಿಗೆಯಲ್ಲಿ ಬಾಟಲಿ ತುಂಬಿದ್ದರೆ ಇದು ಗೊತ್ತಾಗ್ತಾನೇ ಇರಲಿಲ್ಲ. ಅಷ್ಟರಲ್ಲಿ, 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು, 2005ರ ಕೊನೆಗೆ ಗಣಿ ನಿಂತೂ ಆಗಿತ್ತು.

ಗಣಿ ನಿಂತಿತು, ಸರಿ. ಅಳೆಯೋದು ಯಾಕೆ ನಿಲ್ಲಬೇಕು? ಅದಿರು ತೆಗೆದುಳಿದ ಕೋಟಿಗಟ್ಟಲೆ ಟನ್ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ಇವತ್ತೂ ಕೂತಿದೆ, ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟು ಅದು. ಕಡಿದ ಗುಡ್ಡ ಎಷ್ಟು ವರ್ಷಕ್ಕೆ ಮೊದಲಿನ ಹಾಗೆ ಮಳೆ ಹೀರಿಕೊಳ್ಳುತ್ತೆ ಅಂತ ತಿಳಿಯೋಕೆ ಇರೋದು ಒಂದೇ ದಾರಿ, ಹಳ್ಳದ ಹರಿವನ್ನು ವರ್ಷವಿಡೀ ಬರೆದಿಡೋದು. ಗುಡ್ಡ ನೀರು ಕುಡಿಯದೆ ಇದ್ದರೆ ಹಳ್ಳ ಮಳೆಯಲ್ಲಿ ತಟ್ಟನೆ ಏರಿ ತಟ್ಟನೆ ಇಳಿಯುತ್ತೆ, ಮಾರ್ಚಿಗೇ ಒಣಗುತ್ತೆ. ತೋಟದವರಿಗೆ ಕೆಂಪು ನೀರಿಗಿಂತ ಅದು ದೊಡ್ಡ ಏಟು. ನೀರಿನ ಗುಣಮಟ್ಟದ ವರದಿಯಲ್ಲಿ ಅದು ಸುಳಿಯೋದೇ ಇಲ್ಲ.

ಹಾಗಂತ ಎಲ್ಲಾ ಗಣಿಗೂ ಮಳೆಗಾಲದ ಲೆಕ್ಕ ಒಂದೇ ಸಾಕು ಅಂತಲ್ಲ. ಮೇಘಾಲಯದ ಜೈಂತಿಯಾ ಬೆಟ್ಟಗಳ ಕಲ್ಲಿದ್ದಲಿನಲ್ಲಿ ಗಂಧಕ ಜಾಸ್ತಿ. ಅಲ್ಲಿನ ಗಣಿಗಳಿಂದ ಆಮ್ಲದ ನೀರು ಒಸರುತ್ತೆ. ಅಲ್ಲಿನ ಲೂಖಾ ನದಿ ಎಷ್ಟೋ ಚಳಿಗಾಲ ನೀಲಿ ಬಣ್ಣಕ್ಕೆ ತಿರುಗಿದ್ದಿದೆ, ನೋಡೋಕೆ ಬಲು ಚಂದ, ಮೀನು ಮಾತ್ರ ಸತ್ತಿದ್ದವು. ಅಲ್ಲಿ ನೀರು ಕಮ್ಮಿಯಾದ ತಿಂಗಳಲ್ಲೇ ಹೋಗಿ ನೋಡಬೇಕು.

ನನ್ನ ತಕರಾರು ಇಷ್ಟೇ. ವರದಿಯಲ್ಲಿ ಬಾಟಲಿ ತುಂಬಿದ ದಿನ, ಹೊತ್ತು, ಆಗ ಹಳ್ಳದಲ್ಲಿ ಸೆಕೆಂಡಿಗೆ ಎಷ್ಟು ನೀರಿತ್ತು, ಈ ಮೂರೂ ಬೇಕು. ಕೆಳಗಿನ ದೊಡ್ಡ ಹೊಳೆಯಲ್ಲಿ ತುಂಬಬಾರದು, ಅಲ್ಲಿ ಹತ್ತು ಹಳ್ಳದ ನೀರು ಸೇರಿ ಎಲ್ಲ ತೆಳುವಾಗಿರುತ್ತೆ. ಜೊತೆಗೆ ಗಣಿ ಮುಟ್ಟದ ಪಕ್ಕದ ಹಳ್ಳವೊಂದನ್ನೂ ಅದೇ ದಿನ ಅಳೆಯಬೇಕು. ಇಲ್ಲದಿದ್ದರೆ "ಮಳೆಗಾಲದಲ್ಲಿ ಎಲ್ಲಾ ಹಳ್ಳವೂ ಕೆಂಪೇ ಮಾರಾಯ್ರೇ" ಅನ್ನೋರಿಗೆ ಉತ್ತರ ಕೊಡೋಕಾಗಲ್ಲ.

ನಮ್ಮ ಹಳ್ಳದ ಕಾಲುಸಂಕದ ಕಂಬಕ್ಕೆ ಮೊನ್ನೆ ಬಿಳಿ ಬಣ್ಣ ಹೊಡೆದು ಐದೈದು ಸೆಂಟಿಮೀಟರಿಗೆ ಕಪ್ಪು ಗೆರೆ ಎಳೆದಿದ್ದೇನೆ. ಪಕ್ಕದ ಮನೆ ಹುಡುಗ ಶಾಲೆಗೆ ಹೋಗುವಾಗೊಮ್ಮೆ, ಬರುವಾಗೊಮ್ಮೆ ನೋಡಿ ಬರೆದಿಡ್ತೀನಿ ಅಂದಿದ್ದಾನೆ. ನೋಟ್ ಬುಕ್ಕು ನನ್ನದು, ಪೆನ್ನು ಅವನದ್ದು :)